ನಾಲ್ಕೂವರೆ ವರ್ಷ ಬ್ಯಾಲೆಗೆ ಸಾಕೇ?

ಆ ದಿನ ಲಿಫ್ಟ್ ಸರಿಯಿದ್ದಿದ್ದರೆ ಮಗಳು ಬ್ಯಾಲೆ ನೋಡುತ್ತಲೇ ಇರಲಿಲ್ಲ. ಅವಳ ಹಲ್ಲು ತೋರಿಸಲು ಮುಂಬಯಿಯ ವಿಲೆ ಪಾರ್ಲೆಯ ಒಂದು ಹಳೆಯ ಬಿಲ್ಡಿಂಗಿನ ಮೂರನೇ ಮಹಡಿಗೆ ಹೋಗಬೇಕಿತ್ತು. ಲಿಫ್ಟಿನ ಬಾಗಿಲಿಗೆ ಹಗ್ಗ ಕಟ್ಟಿದ್ದರು. ಮೆಟ್ಟಿಲು ಹತ್ತಿದೆವು. ಎರಡನೇ ಮಹಡಿಯಲ್ಲಿ ಒಂದು ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಪಿಯಾನೊ ಕೇಳುತ್ತಿತ್ತು. ಏಳೆಂಟು ವರ್ಷದ ಹುಡುಗಿಯರು ಗೋಡೆಯುದ್ದಕ್ಕೂ ಹಾಕಿದ ಮರದ ಕಂಬಿ ಹಿಡಿದು, ಎಲ್ಲರೂ ಒಟ್ಟಿಗೆ ಮಂಡಿ ಬಗ್ಗಿಸಿ ಒಟ್ಟಿಗೆ ಎದ್ದರು. ಇಷ್ಟೇ. ಕಾಲಿನದು ಒಂದಿಷ್ಟೂ ಸದ್ದಿಲ್ಲ.

ಮಗಳು ನನ್ನ ಕೈ ಬಿಟ್ಟಳು. ಹೊಸ್ತಿಲಿಗೆ ಕಾಲ್ಬೆರಳು ತಾಗಿಸಿ ನಿಂತುಬಿಟ್ಟಳು.

"ಮಮ್ಮಿ, ಇವ್ರು ಏನ್ ಮಾಡ್ತಾ ಇದಾರೆ?"

"ಬ್ಯಾಲೆ ಅಂತ. ಒಂದು ಡ್ಯಾನ್ಸ್."

"ನಂಗೂ ಚಾಹಿಯೆ."

"ಮೊದಲು ಹಲ್ಲು ತೋರಿಸುವ."

"ಹಲ್ಲು ಬಾದ್ ಮೇ. ಇದು ಫಸ್ಟ್."

ಅವಳಿಗೆ ಆಗ ನಾಲ್ಕೂವರೆ ವರ್ಷ. ಆ ವಯಸ್ಸಿನಲ್ಲಿ ಬೆಳಗ್ಗೆ ಪೈಲಟ್, ಮಧ್ಯಾಹ್ನ ಐಸ್‌ಕ್ರೀಮ್ ಅಂಗಡಿಯವಳು, ಸಂಜೆಗೆ ಬೆಕ್ಕು ಆಗುವುದು ಸಾಮಾನ್ಯ. ಹಾಗಾಗಿ ನಾನು ಇದನ್ನು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಆದರೆ ಮರುದಿನ ಎದ್ದಾಗಲೂ ಅದೇ ಮಾತು. ಅದರ ಮರುದಿನವೂ ಅದೇ. ವಾರ ಕಳೆಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಮಾತ್ರವಲ್ಲ, ಹೋಟೆಲಿನಲ್ಲೂ ಅದು ದೊಡ್ಡ ಸುದ್ದಿಯಾಗಿತ್ತು.

ಹೋಟೆಲ್ ನಮ್ಮದೇ. ಉಡುಪಿಯಿಂದ ಬಂದ ನನ್ನ ಮಾವ ಸ್ಟೇಷನ್ ಹತ್ತಿರ ಶುರುಮಾಡಿದ್ದು. ಈಗ ನನ್ನ ಗಂಡ ನಡೆಸುತ್ತಾರೆ, ಮಾವ ಗಲ್ಲಾದಲ್ಲಿ ಕೂರುತ್ತಾರೆ. ಮನೆ ಹೋಟೆಲಿನ ಹಿಂದಿನ ಬಿಲ್ಡಿಂಗಿನಲ್ಲೇ. ನಾನು ಒಂದು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಮಧ್ಯಾಹ್ನದ ನಂತರ ನನ್ನ ಪಾಳಿ. ಆ ಹೊತ್ತಿಗೆ ಮಗಳು ಪ್ಲೇಸ್ಕೂಲಿನಿಂದ ಬಂದು ಅಜ್ಜಿಯ ಜೊತೆ ಮನೆಯಲ್ಲೋ, ಅಜ್ಜನ ಜೊತೆ ಗಲ್ಲಾದ ಪಕ್ಕದ ಎತ್ತರದ ಸ್ಟೂಲಿನ ಮೇಲೋ ಇರುತ್ತಾಳೆ.

ಊಟದ ಗಿರಾಕಿಗಳು ಖಾಲಿಯಾದ ಮೇಲೆ ಕೈತೊಳೆಯುವ ಬೇಸಿನ್ ಪಕ್ಕದ ಟೇಬಲಿನಲ್ಲಿ ನಾವು ಮನೆಯವರು ಊಟ ಮಾಡುವುದು ರೂಢಿ. ಬ್ಯಾಲೆಯ ವಿಚಾರಣೆ ಅಲ್ಲೇ ನಡೆಯಿತು.

"ಕಾಲಿಗೆ ಗೆಜ್ಜೆ ಇಲ್ಲದ ಡ್ಯಾನ್ಸ್ ಎಂತ ಡ್ಯಾನ್ಸ್ ಮಾರಾಯ್ತಿ?" ಎಂದರು ಮಾವ. "ಸೌಂಡೇ ಇಲ್ಲದಿದ್ರೆ ಕುಣಿದದ್ದು ಗೊತ್ತಾಗುವುದು ಹೇಗೆ?"

"ಕಣ್ಣಿಲ್ವಾ ನಿಮಗೆ?" ಎಂದರು ಅತ್ತೆ. ಆದರೆ ಅವರು ಬ್ಯಾಲೆಯ ಪರವೂ ಇರಲಿಲ್ಲ. "ಅದರಲ್ಲಿ ಬೆರಳಿನ ತುದಿಯಲ್ಲಿ ನಿಲ್ಲಿಸ್ತಾರಂತೆ. ಇಷ್ಟು ಸಣ್ಣ ಬೆರಳು. ಸೊಟ್ಟ ಆದ್ರೆ ಯಾರು ಜವಾಬ್ದಾರಿ?"

ಗಂಡನದು ಬೇರೆಯೇ ತರಾತುರಿ. "ಹಾಕುವುದಿದ್ರೆ ಈಗಲೇ ಹಾಕು. ಬಾಂಬೆಯಲ್ಲಿ ಹುಟ್ಟುವ ಮೊದಲೇ ಹೆಸರು ಬರೆಸಿದವರು ಇದ್ದಾರೆ. ನಾವು ಯೋಚನೆ ಮಾಡ್ತಾ ಕೂತ್ರೆ ಅವಳು ಮದುವೆಯಾಗಿ ಹೋಗ್ತಾಳೆ."

ಮಗಳು ತಟ್ಟೆಯಿಂದ ತಲೆಯೆತ್ತಿ, "ನಾನು ಶಾದಿ ನಹೀಂ, ಬ್ಯಾಲೆ" ಎಂದಳು. ಟೇಬಲ್ ಒರೆಸುತ್ತಿದ್ದ ವೇಟರ್ ಬಟ್ಟೆ ಕೆಳಗೆ ಹಾಕಿ ನಕ್ಕ.

ನಾನು ನಗಲಿಲ್ಲ. ನನಗೆ ಒಂದು ಕಾರಣವಿತ್ತು. ಗಂಡನ ಅಕ್ಕ ದಹಿಸರ್‌ನಲ್ಲಿದ್ದಾರೆ. ಅವರ ಮಗಳು ನಡೆಯುವುದಕ್ಕಿಂತ ಮೊದಲೇ ಕುಣಿಯುತ್ತಿದ್ದಳಂತೆ. ನಾಲ್ಕು ತುಂಬಿದ ಕೂಡಲೇ ಭರತನಾಟ್ಯಕ್ಕೆ ಹಾಕಿದರು. ಮಗು ಕ್ಲಾಸಿನ ಮೆಟ್ಟಿಲಲ್ಲೇ ಅಳುತ್ತಾ ಕೂರತೊಡಗಿತು. ಅಭ್ಯಾಸವಾಗುತ್ತದೆ ಎಂದು ಎಲ್ಲರೂ ಒಳಗೆ ದಬ್ಬಿದರು. ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ಟಿವಿಯಲ್ಲಿ ಯಾರಾದರೂ ಕುಣಿದರೆ ಎದ್ದು ಬೇರೆ ಕೋಣೆಗೆ ಹೋಗುತ್ತಾಳೆ. ಫೋನಿನಲ್ಲಿ ಅತ್ತಿಗೆಯನ್ನು ಕೇಳಿದೆ.

"ಅವಳಿಗೆ ಡ್ಯಾನ್ಸ್ ಇಷ್ಟ ಇರಲಿಲ್ಲ ಅಂತಾದ್ರೆ ನನಗೆ ಇಷ್ಟು ಬೇಜಾರಿಲ್ಲ ಮಾರಾಯ್ತಿ," ಎಂದರು. "ಇಷ್ಟ ಇತ್ತು. ಅದೇ ಕಷ್ಟ. ನಾನು ಎರಡು ವರ್ಷ ತಡೆದಿದ್ರೆ ಈಗಲೂ ಕುಣೀತಿದ್ಳೋ ಏನೋ."

ಇದೇ ಮಾತನ್ನು ಆಫೀಸಿನಲ್ಲಿ ಹೇಳಿದಾಗ ಎದುರಿನ ಮೇಜಿನ ಸಹೋದ್ಯೋಗಿ ತನ್ನದನ್ನು ಹೇಳಿದಳು. ಐದು ವರ್ಷದವಳಿದ್ದಾಗ ಅವಳಿಗೆ ಪಿಟೀಲು ಬೇಕಾಗಿತ್ತು. ದೊಡ್ಡವಳಾಗು ಎಂದರು. ದೊಡ್ಡವಳಾದಳು. ಪಿಟೀಲು ತಂದುಕೊಟ್ಟರು. "ಅಷ್ಟು ಹೊತ್ತಿಗೆ ಆ ಆಸೆ ಯಾರದ್ದೋ ಬೇರೆ ಹುಡುಗಿಯದು ಅನ್ನಿಸ್ತು ನಂಗೆ."

ಹಾಗಾಗಿ ನನ್ನ ಮುಂದಿದ್ದ ಪ್ರಶ್ನೆ ಸರಳವಾಗಿತ್ತು, ಉತ್ತರ ಸರಳವಾಗಿರಲಿಲ್ಲ. ಮಗಳಲ್ಲಿ ಒಂದು ಆಸೆ ತಾನಾಗಿಯೇ ಹುಟ್ಟಿದೆ. ಬೇಗ ಕಳಿಸಿದರೆ ಅದು ಮುರಿಯಬಹುದು. ಕಾಯಿಸಿದರೆ ಆರಿಹೋಗಬಹುದು. ಎರಡರಲ್ಲಿ ಹೇಗೆ ಹೋದರೂ ನಷ್ಟ ಅವಳದು, ನಮ್ಮದಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿದ್ದವರಲ್ಲಿ ಕೇಳಬೇಕು. ಆ ಎರಡನೇ ಮಹಡಿಯ ಟೀಚರಿಗೆ ಫೋನ್ ಮಾಡಿದೆ. ಅವರು ಹಿಂದಿ, ಇಂಗ್ಲಿಷ್, ಮರಾಠಿ ಮೂರನ್ನೂ ಒಂದೇ ವಾಕ್ಯದಲ್ಲಿ ಆಡುವವರು. ನಾನು ಅದನ್ನು ಕನ್ನಡದಲ್ಲಿ ಬರೆಯುತ್ತೇನೆ.

ಮಗಳ ವಯಸ್ಸು ಹೇಳಲು ಹೊರಟೆ. ಅವರು ತಡೆದರು. "ವಯಸ್ಸು ಆಮೇಲೆ. ಬಾತ್‌ರೂಮಿಗೆ ಒಬ್ಬಳೇ ಹೋಗ್ತಾಳಾ? ನೀವಿಲ್ಲದೆ ಮುಕ್ಕಾಲು ಗಂಟೆ ಇರ್ತಾಳಾ? ಜಾರುಬಂಡಿಯಲ್ಲಿ ತನ್ನ ಸರದಿಗೆ ಕಾಯ್ತಾಳಾ? ಎರಡು ಕೆಲಸ ಒಟ್ಟಿಗೆ ಹೇಳಿದ್ರೆ ಎರಡೂ ಮಾಡ್ತಾಳಾ, ಒಂದು ಮಾಡಿ ಮರೀತಾಳಾ?"

"ಬೆರಳ ತುದಿಯಲ್ಲಿ ನಿಲ್ಲಿಸೋದು..." ಎಂದೆ, ಅತ್ತೆಯ ಪರವಾಗಿ.

"ಅಯ್ಯೋ! ಅದಕ್ಕೆ ಇನ್ನೂ ಎಷ್ಟೋ ವರ್ಷ ಇದೆ. ಮೂಳೆ ಗಟ್ಟಿಯಾಗದೆ ಯಾರನ್ನೂ ನಾನು ಹಾಗೆ ನಿಲ್ಲಿಸಲ್ಲ. ಈಗ ನಿಲ್ಲೋದು, ಕೇಳೋದು, ಮಂಡಿ ಬಗ್ಗಿಸೋದು, ಮೆತ್ತಗೆ ಹಾರೋದು, ಅಷ್ಟೇ. ನೀವು ಒಂದು ವಾರ ಅವಳನ್ನು ಗಮನಿಸಿ. ಶನಿವಾರ ಟ್ರಯಲ್‌ಗೆ ಕರ್ಕೊಂಡು ಬನ್ನಿ. ಏನೂ ಖರೀದಿ ಮಾಡಬೇಡಿ. ಸಾಕ್ಸ್ ಸಾಕು."

ಅತ್ತೆಗೆ ವರದಿ ಒಪ್ಪಿಸಿದೆ. ಅವರು ಹುಬ್ಬು ಗಂಟಿಕ್ಕಿದರು. "ಮಂಡಿ ಬಗ್ಗಿಸಿ ಏಳುವುದಾ? ಅದಕ್ಕೆ ನಮ್ಮಲ್ಲಿ ಬಸ್ಕಿ ಅಂತಾರೆ. ನಾನೇ ಕಲಿಸ್ತೇನಲ್ಲ, ಫ್ರೀ."

ಆ ವಾರ ನಾನು ಮಗಳನ್ನು ನೋಡಿದ ಹಾಗೆ ಅದಕ್ಕೆ ಮೊದಲು ನೋಡಿರಲಿಲ್ಲ. ಪಾರ್ಕಿನ ಜಾರುಬಂಡಿಯಲ್ಲಿ ಮೊದಲೆರಡು ಸಲ ಸರದಿಗೆ ಕಾದಳು, ಮೂರನೇ ಸಲ ಮುಂದಿದ್ದ ಹುಡುಗಿಯ ಬೆನ್ನಿಗೆ ಕೈಹಾಕಿ ಸರಿಸಿದಳು. ಬಾತ್‌ರೂಮಿಗೆ ಒಬ್ಬಳೇ ಹೋಗುತ್ತಾಳೆ, ಆದರೆ ಬಾಗಿಲ ಹೊರಗೆ ಯಾರಾದರೂ ಮಾತಾಡುತ್ತಿರಬೇಕು. ಎರಡು ಕೆಲಸ ಒಟ್ಟಿಗೆ ಹೇಳಿದರೆ ಎರಡನ್ನೂ ಮಾಡುತ್ತಾಳೆ. ಇದೊಂದರಲ್ಲಿ ಅವಳು ಪಕ್ಕಾ. ಒಳ್ಳೆಯದು, ಕೆಟ್ಟದ್ದು ಎರಡನ್ನೂ ಹಾಗೆಹಾಗೆಯೇ ಮನಸ್ಸಿನಲ್ಲಿಟ್ಟುಕೊಂಡೆ. ತಾಯಿಯಾಗಿ ಒಂದು ಕಡೆಗೆ ವಾಲುವ ಚಪಲ ಇದ್ದೇ ಇತ್ತು. ಶನಿವಾರ ಯಾವಾಗ ಬರುತ್ತದೋ ಎಂದು ಅವಳಿಗಿಂತ ಹೆಚ್ಚಾಗಿ ನಾನೇ ಕಾಯುತ್ತಿದ್ದೆ.

ಶನಿವಾರ ಬಂತು. ಅತ್ತೆ ಮಗಳ ತಲೆಗೆ ಧಾರಾಳವಾಗಿ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದರು. ಮಾವ ಒಂದು ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆಯನ್ನು ಹೋಟೆಲಿನ ಪಾರ್ಸೆಲ್ ಚೀಲದಲ್ಲಿ ಹಾಕಿ ಕೊಟ್ಟರು.

"ಮಾವ, ಇವತ್ತು ಟ್ರಯಲ್ ಮಾತ್ರ."

"ಟ್ರಯಲ್ ಆದ್ರೂ ಗುರು ಗುರುವೇ. ಬರಿಗೈಯಲ್ಲಿ ಹೋಗುವುದುಂಟಾ?"

ಟೀಚರ್ ಐವತ್ತು ದಾಟಿದವರು, ಸಣಕಲು ದೇಹ, ನೇರ ಬೆನ್ನು. ಮಗಳು ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟು, ಅಜ್ಜ ಹೇಳಿಕೊಟ್ಟಂತೆ ಅವರ ಕಾಲು ಮುಟ್ಟಿ ನಮಸ್ಕರಿಸಿದಳು. ಟೀಚರ್ ಚೀಲದೊಳಗೆ ಇಣುಕಿ, "ಇಷ್ಟು ವರ್ಷದಲ್ಲಿ ನನಗೆ ತೆಂಗಿನಕಾಯಿ ಕೊಟ್ಟ ಮೊದಲ ಸ್ಟೂಡೆಂಟ್ ನೀನು" ಎಂದು ಅದನ್ನು ಪಿಯಾನೊ ಸಂಗೀತ ಬರುತ್ತಿದ್ದ ಸ್ಪೀಕರ್ ಪಕ್ಕದಲ್ಲಿಟ್ಟರು. ಪಾಲಕರು ಹೊರಗೆ ಎಂದರು. ಬಾಗಿಲು ಹಾಕಿಕೊಂಡಿತು.

ಬಾಗಿಲಿನಲ್ಲಿ ಒಂದು ಉದ್ದನೆಯ ಗಾಜಿನ ಪಟ್ಟಿಯಿತ್ತು. ಬೇರೆ ತಾಯಂದಿರು ಬೆಂಚಿನ ಮೇಲೆ ಮೊಬೈಲ್ ನೋಡುತ್ತಿದ್ದರು. ನಾನು ಗಾಜಿಗೆ ಹಣೆ ಹಚ್ಚಿದೆ.

ಅವಳಷ್ಟೇ ಪುಟ್ಟ ಹುಡುಗಿಯರು ಸಾಲಾಗಿ ನಿಂತಿದ್ದರು. ಎಲ್ಲರದೂ ಸಾಕ್ಸ್. ಟೀಚರ್ ಹಿಮ್ಮಡಿ ಜೋಡಿಸಿ ಮಂಡಿ ಬಗ್ಗಿಸಿ ತೋರಿಸಿದರು. ಅದರ ಹೆಸರು ಪ್ಲಿಯೇ ಎಂದರು. ಮತ್ತೆ ನೆಟ್ಟಗೆ ನಿಂತು, "ಈಗ ನೀವು. ಪ್ಲಿಯೇ!" ಎಂದರು.

ನನ್ನ ಮಗಳು ಕತ್ತು ತಿರುಗಿಸಿ ಹಿಂದಿನ ಗೋಡೆಯ ಕಡೆಗೆ, ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಕೂಗಿದಳು.

"ಒಂದು ಪ್ಲಿಯೇಏಏ!"

ಆಮೇಲೆ ಮಂಡಿ ಬಗ್ಗಿಸಿದಳು.

ನನಗೆ ಆ ಕ್ಷಣದಲ್ಲೇ ಎಲ್ಲ ಅರ್ಥವಾಯಿತು. ನಮ್ಮ ಹೋಟೆಲಿನಲ್ಲಿ ವೇಟರ್ ಆರ್ಡರನ್ನು ಕೂಗಿ ಹೇಳುತ್ತಾನೆ: ಎರಡು ಸಾದಾ, ಒಂದು ಮಸಾಲ. ಒಳಗಿನ ಭಟ್ಟರು ಅದನ್ನೇ ತಿರುಗಿ ಕೂಗುತ್ತಾರೆ. ತಿರುಗಿ ಕೂಗು ಬರದಿದ್ದರೆ ಆರ್ಡರ್ ತಲುಪಲಿಲ್ಲ ಎಂದು ಲೆಕ್ಕ. ತೊಟ್ಟಿಲು ಬಿಟ್ಟಾಗಿನಿಂದ ಆ ಸದ್ದಿನಲ್ಲೇ ಬೆಳೆದ ಮಗಳು ಯಾರು ಏನು ಹೇಳಿದರೂ ಮೊದಲು ಕೂಗುತ್ತಾಳೆ, ಆಮೇಲೆ ಮಾಡುತ್ತಾಳೆ. ಚಪ್ಪಲಿ ಒಳಗಿಡು, ಕೈ ತೊಳೆ ಎಂದರೆ "ಒಂದು ಚಪ್ಪಲಿ, ಒಂದು ಕೈ!" ಎನ್ನುತ್ತಲೇ ಓಡುತ್ತಾಳೆ. ನಾವೂ ಹಾಗೇ ಮಾಡುವವರಾದ್ದರಿಂದ ಅದು ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ. ಪತ್ರಿಕೆಯಲ್ಲಿ ಸಣ್ಣ ಅಕ್ಷರದ ತಪ್ಪನ್ನೆಲ್ಲ ಹುಡುಕಿ ತೆಗೆದ ಮೇಲೆ, ಮುಖಪುಟದ ಅತಿ ದೊಡ್ಡ ಶೀರ್ಷಿಕೆಯಲ್ಲಿನ ತಪ್ಪು ಯಾರಿಗೂ ಕಾಣದೆ ಅಚ್ಚಾಗಿ ಹೋಗುತ್ತದೆ. ವಾರವಿಡೀ ಕಣ್ಣಿಟ್ಟು ಗಮನಿಸಿದ ನಾನು ಇದನ್ನೇ ಗಮನಿಸಿರಲಿಲ್ಲ.

"ಮತ್ತೊಮ್ಮೆ, ಪ್ಲಿಯೇ," ಎಂದರು ಟೀಚರ್.

"ಎರಡು ಪ್ಲಿಯೇಏಏ!"

ಸಾಲು ಪೂರ್ತಿ ನಕ್ಕಿತು. ಮೂರನೆಯದಕ್ಕೆ ಪಕ್ಕದ ಹುಡುಗಿ "ತೀನ್ ಪ್ಲಿಯೇ!" ಎಂದು ಕೂಗಿದಳು. ನಾಲ್ಕನೆಯದಕ್ಕೆ ಇಡೀ ಕ್ಲಾಸು ಊಟದ ಹೊತ್ತಿನ ಹೋಟೆಲಿನಂತಾಯಿತು. ಮಗಳೊಬ್ಬಳೇ ನಗುತ್ತಿರಲಿಲ್ಲ. ಕೆಲಸದ ಮಧ್ಯೆ ಇವರೆಲ್ಲ ಯಾಕೆ ನಗುತ್ತಿದ್ದಾರೆ ಎಂಬಂತೆ ನೋಡುತ್ತಿದ್ದಳು.

ಟೀಚರ್ ಸಂಗೀತ ನಿಲ್ಲಿಸಿ ಹೊರಗೆ ಬಂದರು. ಮುಗಿಯಿತು ಅಂದುಕೊಂಡೆ.

"ಇದು ತಮಾಷೆಯಾ?"

"ತಮಾಷೆ ಅಲ್ಲ ಮೇಡಂ. ನಮ್ಮದು ಹೋಟೆಲ್." ಆರ್ಡರಿನ ಪದ್ಧತಿಯನ್ನು ವಿವರಿಸಿದೆ. ಅವರು ತಲೆ ವಾಲಿಸಿ ಕೇಳಿದರು.

"ತಿರುಗಿ ಕೂಗದಿದ್ರೆ?"

"ದೋಸೆ ಬರಲ್ಲ."

ಅವರ ತುಟಿಯ ತುದಿ ಅಲುಗಿತು. "ಅಂದ್ರೆ ಅವಳು ಕೇಳಿಸ್ಕೊಳ್ತಾ ಇದ್ದಾಳೆ," ಎಂದರು. "ಉಳಿದವರು ನನ್ನನ್ನು ನೋಡಿ ಮಾಡ್ತಾ ಇದ್ದಾರೆ. ಇವಳು ಕೇಳಿ ಮಾಡ್ತಾ ಇದ್ದಾಳೆ." ಒಳಗೆ ಹೋಗಿ ಬಾಗಿಲು ಹಾಕುವುದನ್ನು ಮರೆತರು. ಮಗಳ ಮುಂದೆ ಮಂಡಿಯೂರಿ ಕೂತು ಅವಳ ಪಾದ ಮುಟ್ಟಿದರು. "ಬೇಟಾ, ಇಲ್ಲಿ ಜವಾಬು ಇದು ಕೊಡುತ್ತೆ. ಬಾಯಿಗೆ ಇವತ್ತು ಛುಟ್ಟಿ. ಸಮಝಾ?"

ಮಗಳು ಉತ್ತರ ಕೊಡಲು ಬಾಯಿ ತೆರೆದು, ತಟ್ಟನೆ ಎರಡೂ ಕೈಯಿಂದ ಮುಚ್ಚಿಕೊಂಡಳು. ಸಂಗೀತ ಶುರುವಾಯಿತು. "ಪ್ಲಿಯೇ." ಬಾಯಿ ಮುಚ್ಚಿಕೊಂಡೇ, ಕಣ್ಣು ದೊಡ್ಡದು ಮಾಡಿ, ಕೆಳಗಿಳಿದು ಮೇಲೆದ್ದಳು. ಮತ್ತೆ ಇಳಿದಳು. ಇನ್ನೊಂದಷ್ಟು ಸಲ ಆದ ಮೇಲೆ ಒಂದು ಕೈ ತಾನಾಗಿ ಕೆಳಗೆ ಬಂತು. ಆಮೇಲೆ ಇನ್ನೊಂದು. ಬಾಯಿ ಮುಚ್ಚಿಯೇ ಇತ್ತು. ಬೆಂಚಿನ ಮೇಲಿದ್ದ ತಾಯಿಯೊಬ್ಬಳು ಮೊಬೈಲ್ ಬದಿಗಿಟ್ಟು ನನ್ನ ಪಕ್ಕ ಬಂದು ನಿಂತಿದ್ದಳು. "ಆಪ್ ಕೀ ಹೈ? ಜಬರ್‌ದಸ್ತ್!" ಎಂದಳು.

ಆಮೇಲೆ ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ಒಬ್ಬೊಬ್ಬರೇ ಹಾರುತ್ತಾ ಹೋಗುವ ಆಟ. ಸರದಿಗೆ ಕಾಯಬೇಕು. ಮಗಳು ನಿಂತಲ್ಲೇ ಕುದಿಯುತ್ತಿದ್ದಳು. ಮುಂದಿನವಳ ಬೆನ್ನಿನತ್ತ ಅವಳ ಕೈ ಏಳುವುದನ್ನು ನಾನು ಕಂಡೆ. ಕೈ ಅರ್ಧಕ್ಕೆ ನಿಂತಿತು, ತನ್ನದೇ ಫ್ರಾಕನ್ನು ಹಿಡಿದುಕೊಂಡಿತು. ಅವಳ ಹೆಸರು ಕರೆದ ಕೂಡಲೇ ಹಾರಿದಳು ನೋಡಿ! ಎಣ್ಣೆ ಹಚ್ಚಿದ ಎರಡು ಜಡೆಗಳೂ ಗಾಳಿಯಲ್ಲಿ, ಎರಡು ಕಾಲೂ ಗಾಳಿಯಲ್ಲಿ. ಆ ಕೋಣೆ ಅವಳಿಗೆ ಸಾಲಲಿಲ್ಲ, ಎದುರಿನ ಗೋಡೆಗೆ ಎರಡೂ ಕೈ ಊರಿ ನಿಂತಳು. ಒಮ್ಮೆಯೂ ಬಾಗಿಲಿನತ್ತ ನೋಡಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ವರದಿ ಅರ್ಧ ಸುಳ್ಳಾಗುತ್ತದೆ. ಕ್ಲಾಸಿನ ಕೊನೆಯ ಭಾಗದಲ್ಲಿ ಅವಳು ನೆಲದ ಮೇಲೆ ಕೂತು ಸಾಕ್ಸ್ ಎಳೆಯತೊಡಗಿದಳು. ಒಂದು ಸಾಕ್ಸ್ ತೆಗೆದು ಕೈಗೆ ಹಾಕಿಕೊಂಡಳು. ಆಮೇಲೆ ಅಂಗಾತ ಮಲಗಿ ಫ್ಯಾನ್ ನೋಡಿದಳು. ಟೀಚರ್ ಕರೆಯಲಿಲ್ಲ. ಉಳಿದವರು ಅವಳನ್ನು ಸುತ್ತುವರಿದು ಹಾರಿದರು.

ಕ್ಲಾಸ್ ಮುಗಿದ ಮೇಲೆ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದರು. "ಅರ್ಧ ಕ್ಲಾಸಿಗೆ ರೆಡಿ ಇದ್ದಾಳೆ. ಇನ್ನರ್ಧಕ್ಕೆ ಇಲ್ಲ. ಈಗ ಸೇರಿಸಿದ್ರೂ ತಪ್ಪಲ್ಲ, ಮುಂದಿನ ವರ್ಷ ಸೇರಿಸಿದ್ರೂ ತಪ್ಪಲ್ಲ. ಮೂರು ನಾಲ್ಕು ದಿನ ಮನೆಯಲ್ಲಿ ನೋಡಿ. ನೋಡೋದು ಅಷ್ಟೇ. ಅಭ್ಯಾಸ ಮಾಡಿಸಬೇಡಿ. ಬ್ಯಾಲೆಯ ಮಾತೆತ್ತಬೇಡಿ. ಮುಖ್ಯವಾಗಿ, ಮಾಡಿ ತೋರಿಸು ಅಂತ ಯಾರೂ ಅನ್ನಬಾರದು."

"ಯಾಕೆ?"

"ನೀವು ಕೇಳಿದ್ರೆ ನಿಮಗೋಸ್ಕರ ಮಾಡ್ತಾಳೆ. ನನಗೆ ಅದು ಬೇಡ."

ಈ ಷರತ್ತನ್ನು ನಮ್ಮ ಮನೆಯಲ್ಲಿ ಜಾರಿಗೆ ತರುವುದು ಎಷ್ಟು ಕಷ್ಟ ಎಂದು ಅವರಿಗೇನು ಗೊತ್ತು? ನಾವು ಹೋಟೆಲಿನ ಬಾಗಿಲಿಗೆ ಬರುವಾಗಲೇ ವೇಟರುಗಳು ಟ್ರೇ ಹಿಡಿದು ಸಾಲಾಗಿ ನಿಂತಿದ್ದರು. ಭಟ್ಟರು ಸೌಟು ಹಿಡಿದೇ ಹೊರಗೆ ಬಂದಿದ್ದರು. ಮಾವ ಗಲ್ಲಾ ಬಿಟ್ಟು ಎದ್ದಿದ್ದರು.

"ಬಂತು ಬಂತು! ಎಲ್ಲಿ, ಒಂದು ಸಲ..."

"ಮಾವ!" ಎಂದೆ. ಷರತ್ತು ಹೇಳಿದೆ.

ಮಾವನ ಮುಖ ಇಳಿಯಿತು. "ಇದೆಂತ ಕರ್ಮ? ತೆಂಗಿನಕಾಯಿ ಕೊಟ್ಟದ್ದು ನಾನು. ನೋಡ್ಲಿಕ್ಕೆ ನನಗೇ ಇಲ್ವಾ?"

"ಅವಳು ಬೇರೆ ದಿನ ಕೇಳದೆಯೂ ಕುಣೀತಾಳಲ್ಲ," ಎಂದ ಒಬ್ಬ ವೇಟರ್.

ಆದರೆ ಅವಳು ಕುಣಿಯಲಿಲ್ಲ. ಹಾಲು ಕುಡಿದು, ಸ್ಟೂಲ್ ಹತ್ತಿ, ಟಿಶ್ಯೂ ಪೇಪರನ್ನು ತ್ರಿಕೋನಾಕಾರದಲ್ಲಿ ಮಡಚುತ್ತಾ ಕೂತಳು. ಭಾನುವಾರವೂ ಹಾಗೇ. ಬ್ಲಾಕ್ಸ್ ಜೋಡಿಸಿದಳು, ಕಾರ್ಟೂನ್ ನೋಡಿದಳು, ಸಾಂಬಾರಿನ ಬೀನ್ಸ್ ತೆಗೆದು ಬದಿಗಿಟ್ಟಳು. ಸೋಮವಾರ ಬೆಳಗ್ಗೆಯೂ ಬ್ಯಾಲೆಯ ಸುದ್ದಿಯಿಲ್ಲ. ನನಗೆ ತಳಮಳ ಶುರುವಾಯಿತು. ಒಂದು ಕ್ಲಾಸಿಗೇ ತೀರಿಹೋಯಿತೇ? ಅಥವಾ ಆ ಹುಡುಗಿಯರು ನಕ್ಕದ್ದು ಒಳಗೆ ಕುಟುಕಿತೇ? ಕೇಳುವ ಹಾಗಿಲ್ಲ. ಪಾಳಿಗೆ ಹೋದವಳು ಯಾವುದೋ ಊರಿನ ಸಭೆಯ ಸುದ್ದಿ ತಿದ್ದುತ್ತಾ ಮೂರು ಸಲ ಅದೇ ಸಾಲು ಓದಿದೆ. ಗಂಡ ಮೆಸೇಜ್ ಮಾಡಿದರು: "ಏನಾದರೂ ಹೇಳಿದ್ಳಾ?" ಹೋಟೆಲಿನಲ್ಲಿ ಅವಳ ಎದುರಿಗೇ ಕೂತಿದ್ದವರು ಅವರು, ಲೋಕಲ್ ರೈಲಿನಲ್ಲಿ ಹೋಗಿ ಆಫೀಸಿನಲ್ಲಿದ್ದವಳು ನಾನು!

ಮಂಗಳವಾರ ಮಧ್ಯಾಹ್ನ ಆಫೀಸಿಗೆ ಹೊರಡಲು ಚೀಲ ತೆಗೆದುಕೊಳ್ಳುವಾಗ ಅಡುಗೆಮನೆಯಿಂದ ಒಂದು ಮಾತು ಕೇಳಿತು.

"ಗಲತ್."

ಮಗಳ ದನಿ, ತಪ್ಪು ಅನ್ನುವುದಕ್ಕೆ ಅವಳ ಹಿಂದಿ. ಮೆಲ್ಲಗೆ ಹೋಗಿ ಬಾಗಿಲ ಸಂದಿಯಲ್ಲಿ ನಿಂತೆ. ಅತ್ತೆ ನೆಲದ ಮೇಲೆ ತುರಿಮಣೆಯಲ್ಲಿ ಕೂತು, ಗೋಡೆಗೆ ಮುಖ ಮಾಡಿ ತೆಂಗಿನಕಾಯಿ ತುರಿಯುತ್ತಿದ್ದರು. ಅವರ ಬೆನ್ನ ಹಿಂದೆ ಮಗಳು ವಾಷಿಂಗ್ ಮೆಷಿನ್ನಿನ ಅಂಚು ಹಿಡಿದು ನಿಂತಿದ್ದಳು. ಹಿಮ್ಮಡಿ ಜೋಡಿಸಿದಳು. ಬಗ್ಗಿದಳು. ಒಂದು ಹಿಮ್ಮಡಿ ನೆಲ ಬಿಟ್ಟು ಎದ್ದಿತು. ಅದನ್ನು ಕತ್ತು ಬಗ್ಗಿಸಿ ನೋಡಿದಳು. "ಗಲತ್," ಎಂದಳು. ಸಿಟ್ಟಿಲ್ಲ, ಅಳುವಿಲ್ಲ. ಮತ್ತೆ ಮೊದಲಿನಿಂದ ಹಿಮ್ಮಡಿ ಜೋಡಿಸಿದಳು. ಬಗ್ಗಿದಳು. ಮತ್ತೆ ಎದ್ದಿತು. "ಗಲತ್." ಮತ್ತೆ.

ಹಾರುವುದಲ್ಲ, ಗಿರಗಿರ ತಿರುಗುವುದಲ್ಲ. ಆ ಇಡೀ ಕ್ಲಾಸಿನಲ್ಲಿ ಅತ್ಯಂತ ಸಪ್ಪೆಯಾದದ್ದು ಯಾವುದೋ ಅದನ್ನೇ ಹೆಕ್ಕಿ ತಂದಿದ್ದಳು. ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ. ಅವಳು ನನ್ನನ್ನು ಕಂಡುಬಿಟ್ಟಾಳು ಎಂದು ಹೆದರಿ ಹಿಂದೆ ಸರಿದೆ. ಅಷ್ಟರಲ್ಲಿ ಅತ್ತೆ ತಲೆ ತಿರುಗಿಸದೆ, ಬರೀ ಕಣ್ಣು ಹೊರಳಿಸಿ ನನ್ನನ್ನು ಕಂಡರು. ಎಡಗೈ ಬೀಸಿದರು: ಹೋಗು, ಬರಬೇಡ.

ಸ್ವಲ್ಪ ಹೊತ್ತಿಗೆ ಮಗಳು ಕಾರ್ಟೂನಿಗೆ ಓಡಿದ ಮೇಲೆ ಅವರು ಸೆರಗಿನಲ್ಲಿ ಕೈ ಒರೆಸುತ್ತಾ ಹೊರಗೆ ಬಂದರು. ಮುಖ ಹೊಳೆಯುತ್ತಿತ್ತು.

"ನಿನ್ನೆಯಿಂದ ಹೀಗೇ ಉಂಟು," ಎಂದು ಪಿಸುಗುಟ್ಟಿದರು. "ನಾನು ತಿರುಗಿದ್ರೆ ನಿಲ್ಲಿಸಿಬಿಡ್ತಾಳೆ. ಅದಕ್ಕೆ ನಾನು ತಿರುಗಲೇ ಇಲ್ಲ. ತುರಿಯುವುದು ನಿಲ್ಲಿಸಿದ್ರೂ ಅವಳಿಗೆ ಗೊತ್ತಾಗ್ತದೆ. ಕಾಯಿ ಮೇಲೆ ಕಾಯಿ ಒಡೆದು ತುರಿದಿದ್ದೇನೆ. ಅಷ್ಟನ್ನು ಎಂತ ಮಾಡುವುದು ಈಗ?"

"ನಿನ್ನೆಯೇ ಯಾಕೆ ಹೇಳಲಿಲ್ಲ ಅತ್ತೆ?"

"ನಿನ್ನ ಕಣ್ಣಿಗೂ ಬೀಳಲಿ ಅಂತ. ನಾನು ಹೇಳಿದ್ರೆ ಅಜ್ಜಿಯ ಮೋಹ ಅಂತೀರಿ." ಆಮೇಲೆ, "ಬಸ್ಕಿ ಹಾಗಲ್ಲ ಅದು," ಎಂದರು. "ಬೆನ್ನು ಬಗ್ಗುವುದಿಲ್ಲ."

ಒಂದೇ ಸಂಗತಿಯನ್ನು ಇಬ್ಬರು ಬೇರೆಬೇರೆಯಾಗಿ ಕಂಡಿದ್ದರು, ಅದರಲ್ಲಿ ಒಬ್ಬರು ಮೊದಲಿನಿಂದ ವಿರೋಧದಲ್ಲಿದ್ದವರು. ನನಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿರಲಿಲ್ಲ. ಮೆಟ್ಟಿಲಿಳಿಯುತ್ತಲೇ ಟೀಚರಿಗೆ ಫೋನ್ ಮಾಡಿದೆ.

"ಸೇರಿಸ್ತೇವೆ ಮೇಡಂ."

"ಕಾರಣ ಹೇಳಿ."

ಹೇಳಿದೆ. ವಾಷಿಂಗ್ ಮೆಷಿನ್, ಹಿಮ್ಮಡಿ, "ಗಲತ್", ಮತ್ತೆ ಮೊದಲಿನಿಂದ.

"ಅವಳೇ ಹೇಳ್ಕೊಂಡಳಾ, ಗಲತ್ ಅಂತ?"

"ಅವಳೇ."

"ಶನಿವಾರ ಕರ್ಕೊಂಡು ಬನ್ನಿ. ಕೊನೆಯ ಹದಿನೈದು ನಿಮಿಷ ಅವಳು ಫ್ಯಾನ್ ನೋಡ್ತಾಳೆ. ನೋಡಲಿ. ಅದು ನನ್ನ ಜವಾಬ್ದಾರಿ. ನೀವು ಕೂದಲು ಎತ್ತಿ ಗಂಟು ಕಟ್ಟಿ. ದಯವಿಟ್ಟು ಎಣ್ಣೆ ಬೇಡ, ಶನಿವಾರದಿಂದ ನನ್ನ ಗೋಡೆಯ ಮೇಲೆ ಎರಡು ಎಣ್ಣೆಗೈ ಗುರುತು ಹಾಗೇ ಇದೆ."

ರಸ್ತೆಯ ನಡುವೆ ನಿಂತು ನಕ್ಕುಬಿಟ್ಟೆ. ಸ್ಟೇಷನ್ನಿಗೆ ಹೋಗಬೇಕಾದವಳು ಹೋಟೆಲಿನೊಳಗೆ ಓಡಿದೆ. ಗಲ್ಲಾದಲ್ಲಿದ್ದ ಮಾವನಿಗೆ, ಸಾಮಾನಿನವನ ಜೊತೆ ಮಾತಾಡುತ್ತಿದ್ದ ಗಂಡನಿಗೆ ಹೇಳಿದೆ. ಗಂಡ ಸಾಮಾನಿನವನ ಕೈಯನ್ನೇ ಕುಲುಕಿದರು. ಮಾವ ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ಈಗ ನೋಡಬಹುದಾ?" ಎಂದರು.

"ಇಲ್ಲ."

"ಯಾವಾಗ?"

"ಅವಳಾಗಿ ತೋರಿಸಿದಾಗ."

"ಅಷ್ಟರವರೆಗೆ ನಾನು ಇರಬೇಕಲ್ಲ!" ಎಂದು ಗೊಣಗಿದರು. ಆದರೆ ಆ ದಿನ ಬಂದ ಗಿರಾಕಿಗಳಿಗೆಲ್ಲ ಚಿಲ್ಲರೆಯ ಜೊತೆ ಮೊಮ್ಮಗಳ ಸುದ್ದಿಯನ್ನೂ ಕೊಟ್ಟರಂತೆ.

ಮಗಳಿಗೆ ಸುದ್ದಿ ಹೇಳಿದ್ದು ಮರುದಿನ ಬೆಳಗ್ಗೆ, ಹಲ್ಲುಜ್ಜುವಾಗ. ಬಾಯಿ ತುಂಬ ನೊರೆಯಿತ್ತು. ನೊರೆ ಗಲ್ಲದ ಮೇಲೆ ಇಳಿಯಿತು. ಆಮೇಲೆ ಬ್ರಶ್ ಹಿಡಿದೇ ಬಾತ್‌ರೂಮಿನಿಂದ ಹಾಲಿಗೆ, ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಜ್ಜಿಯ ಮಡಿಲಿಗೆ ಓಡಿದಳು. ಅತ್ತೆಯ ಸೀರೆಯೆಲ್ಲ ಪೇಸ್ಟ್.

ಶನಿವಾರ ಬೆಳಗ್ಗೆ ಕೂದಲಿನ ಕೆಲಸ ಅತ್ತೆಯೇ ವಹಿಸಿಕೊಂಡರು. ಎಣ್ಣೆಯಿಲ್ಲದೆ ಗಂಟು ನಿಲ್ಲುವುದುಂಟಾ ಎಂದು ಮೊದಲು ಹತ್ತು ಮಾತು ಅಂದರು. ಆಮೇಲೆ ನೀರು ಮುಟ್ಟಿಸಿ, ಬಾಚಿ, ಎತ್ತಿ, ಸುತ್ತಿ, ತಮ್ಮ ಪಿನ್ನುಗಳನ್ನೆಲ್ಲ ಸುರಿದು, ತಲೆ ಅಲುಗಾಡಿಸಿದರೂ ಅಲುಗದಂತೆ ಕಟ್ಟಿದರು. ಮಗಳು ಅಷ್ಟು ಹೊತ್ತೂ ಬೊಂಬೆಯ ಹಾಗೆ ನಿಂತಿದ್ದಳು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಅತ್ತೆಯೂ ಸೀರೆ ಬದಲಾಯಿಸಿ ಬಂದು ನಿಂತಿದ್ದರು.

"ನಾನೂ ಬರ್ತೇನೆ. ಗಾಜು ಉಂಟಂತಲ್ಲ ಬಾಗಿಲಲ್ಲಿ?"

ಮೂವರೂ ರಿಕ್ಷಾ ಹತ್ತಿದೆವು. ಸಿಗ್ನಲ್ ಬಳಿ ನಿಂತಾಗ ನಮ್ಮ ಮಾತು ಕೇಳಿ ಡ್ರೈವರ್ ಕನ್ನಡಿಯಲ್ಲಿ ನೋಡಿದ. ಕಲಬುರಗಿ ಕಡೆಯವನಂತೆ, ಮನೆಯಲ್ಲಿ ದಖ್ಖನಿ, ಊರಲ್ಲಿ ಕನ್ನಡ, ಇಲ್ಲಿ ಹಿಂದಿ ಎಂದ.

"ಎಲ್ಲಿಗ್ ಹೊಂಟೀರಿ ಅಜ್ಜಿ-ಮೊಮ್ಮಗಳು ಇಷ್ಟ್ ಚಂದಾಗಿ? ಲಗ್ನಕ್ಕೇನ್ರೀ?"

"ಕ್ಲಾಸಿಗೆ," ಎಂದಳು ಮಗಳು. "ಬ್ಯಾಲೆ ಕ್ಲಾಸ್."

"ಅಂದ್ರ?"

"ಡ್ಯಾನ್ಸ್."

"ಆಹಾ! ಡ್ಯಾನ್ಸ್ ಮಸ್ತ್ ಬರ್ತದೇನವ್ವಾ ನಿನಗ?"

ಅತ್ತೆ ನನ್ನ ಮುಖ ನೋಡಿದರು, ನಾನು ಮಗಳ ಮುಖ ನೋಡಿದೆ. ಅವಳು ಸೀಟಿನ ತುದಿಗೆ ಸರಿದು, ಎರಡೂ ಕೈಯಿಂದ ಮುಂದಿನ ಸರಳು ಹಿಡಿದುಕೊಂಡಳು.

"ನಹೀಂ," ಎಂದಳು ಬಹಳ ಖುಷಿಯಿಂದ. "ಇನ್ನೂ ಬರಲ್ಲ. ಅದಕ್ಕೇ ಹೋಗ್ತಾ ಇರೋದು. ಅಂಕಲ್, ಜಲ್ದಿ!"

ಸಿಗ್ನಲ್ ಹಸಿರಾಯಿತು. ಅವನು ನಗುತ್ತಲೇ ಗೇರು ಹಾಕಿದ.